ಕ್ರಿ.ಪೂ. 168: ಪಿಡ್ನಾದ ಸುದ್ದಿಗೆ ಕಾದವರು

ಕ್ರಿ.ಪೂ. 168ರ ಬೇಸಿಗೆ ಶುರುವಾದಾಗ ಮೆಡಿಟರೇನಿಯನ್ ಸಮುದ್ರದ ಪೂರ್ವ ಭಾಗದಲ್ಲಿ ಎರಡು ದೊಡ್ಡ ಯುದ್ಧ ನಡೆಯುತ್ತಿದ್ದವು. ಉತ್ತರದಲ್ಲಿ ರೋಮ್ ಮತ್ತು ಮ್ಯಾಸಿಡೋನಿಯ. ದಕ್ಷಿಣದಲ್ಲಿ ಸಿರಿಯ ಮತ್ತು ಈಜಿಪ್ಟ್. ಎರಡೂ ಆ ಬೇಸಿಗೆಯಲ್ಲೇ ಮುಗಿದವು. ಮೊದಲನೆಯದು ಮುಗಿದದ್ದು ಮ್ಯಾಸಿಡೋನಿಯದ ಪಿಡ್ನಾ ಎಂಬಲ್ಲಿ ನಡೆದ ಒಂದು ಗಂಟೆಯ ಕಾಳಗದಲ್ಲಿ. ಎರಡನೆಯದಕ್ಕೆ ಕಾಳಗವೇ ಬೇಕಾಗಲಿಲ್ಲ, ಮೊದಲ ಕಾಳಗದ ಸುದ್ದಿಯೇ ಸಾಕಾಯಿತು.

ಪಿಡ್ನಾ ಕಾಳಗದ ಮಾತು ಬಂದರೆ ಸಾಮಾನ್ಯವಾಗಿ ಚರ್ಚೆ ಆಗುವುದು ರೋಮಿನ ಲೀಜನ್ ಎಂಬ ಕತ್ತಿ ಗುರಾಣಿಯ ಪಡೆ ಮತ್ತು ಮ್ಯಾಸಿಡೋನಿಯದ ಫ್ಯಾಲಾಂಕ್ಸ್ ಎಂಬ ಉದ್ದ ಭರ್ಜಿಗಳ ಒತ್ತು ಸಾಲಿನ ಪಡೆ ನಡುವೆ ಯಾವುದು ಮೇಲು ಎಂಬುದರ ಬಗ್ಗೆ. ನನ್ನನ್ನು ಕಾಡುವುದು ಬೇರೆ. ಆ ವರ್ಷ ಕತ್ತಿ ಹಿಡಿದವರಿಗಿಂತ, ಯಾರು ಗೆಲ್ಲುತ್ತಾರೋ ನೋಡೋಣ ಎಂದು ಕಾದವರೇ ಜಾಸ್ತಿ. ವ್ಯಾಪಾರಿ ದ್ವೀಪ ರೋಡ್ಸ್ ಕಾದಿತು. ಇಂದಿನ ಟರ್ಕಿಯಲ್ಲಿದ್ದ ಪೆರ್ಗಮಮ್ ರಾಜ್ಯ ಕಾದಿತು. ರೋಮಿನ ಒಬ್ಬ ರಾಯಭಾರಿಯೂ ಒಂದು ಪುಟ್ಟ ದ್ವೀಪದಲ್ಲಿ ಹಡಗು ನಿಲ್ಲಿಸಿಕೊಂಡು ಕಾದ. ಕಾದವರಲ್ಲಿ ಲಾಭ ಆದದ್ದು ಆ ಒಬ್ಬನಿಗೆ ಮಾತ್ರ. ಹಾಗೇಕಾಯಿತು ಎಂಬುದೇ ಈ ಪ್ರಕರಣ.

ಇಲ್ಲಿ ಬರುವ ರಾಜವಂಶಗಳು ನಮಗೆ ಪೂರ್ತಿ ಅಪರಿಚಿತವೇನಲ್ಲ. ಅಶೋಕ ತನ್ನ 13ನೇ ಬಂಡೆ ಶಾಸನದಲ್ಲಿ ಅಂತಿಯೋಕ, ತುರಮಾಯ, ಅಂತಿಕಿನಿ ಎಂಬ ಯವನ ರಾಜರ ಹೆಸರು ಬರೆಸಿದ್ದಾನೆ. ಸಿರಿಯದ ಎರಡನೇ ಆಂಟಿಯೋಕಸ್, ಈಜಿಪ್ಟಿನ ಎರಡನೇ ಟಾಲೆಮಿ, ಮ್ಯಾಸಿಡೋನಿಯದ ಆಂಟಿಗೋನಸ್ ಗೊನಾಟಸ್ ಎಂದು ಇವರನ್ನು ಗುರುತಿಸುತ್ತಾರೆ. ಆ ಅಂತಿಯೋಕನ ಮರಿಮಗ, ಆ ಅಂತಿಕಿನಿಯ ಮರಿಮಗ, ಆ ತುರಮಾಯನ ವಂಶದ ಅಣ್ಣತಮ್ಮಂದಿರು, ಈ ಮೂರೂ ಮನೆಯವರು ಕ್ರಿ.ಪೂ. 168ರಲ್ಲಿ ಸಿಂಹಾಸನದಲ್ಲಿದ್ದರು. ಅಲೆಕ್ಸಾಂಡರ್ ಸತ್ತ ಮೇಲೆ ಹಂಚಿಹೋದ ಲೋಕ ಒಂದೂವರೆ ಶತಮಾನ ಹಾಗೂ ಹೀಗೂ ನಿಂತಿತ್ತು. ಅದು ಬಗ್ಗಿದ್ದು ಈ ವರ್ಷ.

ಗೆಲ್ಲಲು ಹೊರಡದ ರಾಜ

ಮ್ಯಾಸಿಡೋನಿಯದ ರಾಜ ಪರ್ಸಿಯಸ್. ರೋಮಿನೊಡನೆ ಅವನ ಯುದ್ಧ ಶುರುವಾದದ್ದು ಕ್ರಿ.ಪೂ. 171ರಲ್ಲಿ. ಆ ಮೊದಲ ವರ್ಷವೇ ಥೆಸಲಿಯ ಕ್ಯಾಲಿನಿಕಸ್ ಎಂಬಲ್ಲಿ ಅವನ ಕುದುರೆ ಸೈನ್ಯ ರೋಮನ್ನರನ್ನು ಸೋಲಿಸಿತು. ಗೆದ್ದ ಮೇಲೆ ಪರ್ಸಿಯಸ್ ಮಾಡಿದ್ದೇನು? ತನ್ನ ತಂದೆ ಸೋತಾಗ ಒಪ್ಪಿದ್ದ ಷರತ್ತುಗಳನ್ನೇ ತಾನೂ ಒಪ್ಪುತ್ತೇನೆ, ಕಪ್ಪವನ್ನೂ ಕೊಡುತ್ತೇನೆ, ಶಾಂತಿ ಮಾಡಿಕೊಳ್ಳೋಣ ಎಂದು ಹೇಳಿಕಳಿಸಿದ. ಆ ವರ್ಷ ರೋಮಿನ ಆಡಳಿತವನ್ನೂ ದಂಡನ್ನೂ ನಡೆಸಲು ಆಯ್ಕೆಯಾಗಿದ್ದ, ಈಗ ಸೋತ ಕಾನ್ಸಲ್‌ನಿಂದ ಬಂದ ಉತ್ತರ: ಷರತ್ತು ಇಲ್ಲದೆ ಶರಣಾಗು, ಆಮೇಲೆ ನೋಡೋಣ.

ಈ ಒಂದು ಮಾತುಕತೆಯಲ್ಲೇ ಇಡೀ ಯುದ್ಧದ ಸ್ವಭಾವ ಇದೆ ಎಂದು ನನಗೆ ಅನಿಸುತ್ತದೆ. ಪರ್ಸಿಯಸ್‌ಗೆ ಬೇಕಿದ್ದದ್ದು ರೋಮಿನ ಸೋಲಲ್ಲ. ರೋಮಿಗೆ ಈ ಯುದ್ಧ ಸಾಕಪ್ಪಾ ಸಾಕು ಅನ್ನಿಸಬೇಕು, ಅಷ್ಟೇ. ಮೂರು ವರ್ಷ ಆ ಲೆಕ್ಕ ತಕ್ಕಮಟ್ಟಿಗೆ ನಡೆಯಿತು ಕೂಡ. ಒಬ್ಬರಾದ ಮೇಲೊಬ್ಬರಂತೆ ಕಾನ್ಸಲ್‌ಗಳು ಬಂದರು, ಹೋದರು. ಕ್ರಿ.ಪೂ. 169ರಲ್ಲಿ ಮಾರ್ಸಿಯಸ್ ಫಿಲಿಪ್ಪಸ್ ಒಲಿಂಪಸ್ ಬೆಟ್ಟಸಾಲನ್ನು ದಾಟಿ ಮ್ಯಾಸಿಡೋನಿಯದ ಕರಾವಳಿಗೇನೋ ಇಳಿದ. ಆದರೆ ದವಸ ಸಾಲದೆ ಅಲ್ಲೇ ಸಿಕ್ಕಿಕೊಂಡ.

ಪರ್ಸಿಯಸ್ ಜಿಪುಣ, ಅದಕ್ಕೇ ಸೋತ ಎಂದು ಹಳೆಯ ಬರಹಗಾರರು ಒಕ್ಕೊರಲಿನಿಂದ ಹೇಳುತ್ತಾರೆ. ಅದಕ್ಕೆ ಅವರು ಕೊಡುವ ಉದಾಹರಣೆಗಳು ಗಟ್ಟಿಯಾಗಿಯೇ ಇವೆ. ಡ್ಯಾನ್ಯೂಬ್ ನದಿಯ ಕಡೆಯಿಂದ ಬಸ್ಟಾರ್ನೇ ಎಂಬ ಬುಡಕಟ್ಟಿನವರು 10,000 ಕುದುರೆ ಸವಾರರು, 10,000 ಕಾಲಾಳುಗಳೊಂದಿಗೆ ಬಂದರು. ಸವಾರನಿಗೆ 10 ಚಿನ್ನದ ನಾಣ್ಯ, ಕಾಲಾಳಿಗೆ 5, ನಾಯಕ ಕ್ಲೊಂಡಿಕಸ್‌ಗೆ 1,000 ಎಂದು ಮಾತಾಗಿತ್ತು. ಅಷ್ಟು ಜನ ಬೇಡ, 5,000 ಸವಾರರು ಸಾಕು ಎಂದು ಪರ್ಸಿಯಸ್ ಚೌಕಾಸಿಗೆ ಇಳಿದ. ದುಡ್ಡು ತಂದಿದ್ದೀರಾ ಎಂದು ಅವರು ಕೇಳಿದರು. ತಂದಿರಲಿಲ್ಲ. ಅವರು ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸ್ ಹೊರಟರು.

ಇಲಿರಿಯದ ರಾಜ ಗೆಂಟಿಯಸ್‌ನ ಕಥೆ ಇನ್ನೂ ಕೆಟ್ಟದ್ದು. ಇಂದಿನ ಅಲ್ಬೇನಿಯದ ಶ್ಕೋಡರ್ ಊರೇ ಅವನ ರಾಜಧಾನಿ ಸ್ಕೋಡ್ರಾ. ರೋಮಿನ ವಿರುದ್ಧ ನಿಂತರೆ 300 ಟ್ಯಾಲೆಂಟ್ ಬೆಳ್ಳಿ ಕೊಡುವುದಾಗಿ ಪರ್ಸಿಯಸ್ ಮಾತು ಕೊಟ್ಟ. ಒಂದು ಟ್ಯಾಲೆಂಟ್ ಎಂದರೆ ಹೆಚ್ಚುಕಡಿಮೆ 26 ಕಿಲೋ. 10 ಟ್ಯಾಲೆಂಟ್ ಮುಂಗಡ ಹೋಯಿತು. ಉಳಿದದ್ದಕ್ಕೆ ಮುದ್ರೆ ಹಾಕಿಸಿ, ಹೊತ್ತವರಿಗೆ ನಿಧಾನ ನಡೆಯಿರಿ ಎಂದು ಹೇಳಿದ. ಮುಂಗಡ ಕೈಗೆ ಬಂದದ್ದೇ ಗೆಂಟಿಯಸ್ ತನ್ನಲ್ಲಿಗೆ ಬಂದಿದ್ದ ಇಬ್ಬರು ರೋಮನ್ ದೂತರನ್ನು ಸೆರೆಗೆ ಹಾಕಿದ. ಇನ್ನು ಇವನು ಹಿಂದೆ ಸರಿಯುವಂತಿಲ್ಲ, ಹಾಗಿದ್ದಮೇಲೆ ದುಡ್ಡು ಯಾಕೆ ಎಂದು ಪರ್ಸಿಯಸ್ ಉಳಿದ ಬೆಳ್ಳಿಯನ್ನು ವಾಪಸ್ ಕರೆಸಿಕೊಂಡ. ಕಾನ್ಸಲ್ ಹುದ್ದೆಗಿಂತ ಒಂದು ಮೆಟ್ಟಿಲು ಕೆಳಗಿನ ರೋಮನ್ ಅಧಿಕಾರಿ, ಪ್ರೇಟರ್ ಅನಿಸಿಯಸ್ ಇಲಿರಿಯವನ್ನು 30 ದಿನದೊಳಗೆ ಮುಗಿಸಿದ. ಆ ಯುದ್ಧ ಶುರುವಾಯಿತು ಎಂಬ ಸುದ್ದಿ ರೋಮಿಗೆ ಮುಟ್ಟುವ ಮೊದಲೇ ಮುಗಿದ ಸುದ್ದಿ ಮುಟ್ಟಿತಂತೆ.

ಇವೆಲ್ಲ ನಡೆದದ್ದೇ ಇರಬೇಕು. ಆದರೆ ಜಿಪುಣತನ ಎಂದು ಸುಮ್ನೆ ಹಣೆಪಟ್ಟಿ ಹಚ್ಚಿದರೆ ಅವನ ಲೆಕ್ಕ ನಮಗೆ ಕಾಣುವುದಿಲ್ಲ. ಯುದ್ಧ ಹೇಗೂ ಒಪ್ಪಂದದಲ್ಲಿ ಮುಗಿಯುತ್ತದೆ, ಆಮೇಲೆ ಬಾಳಲು ಖಜಾನೆ ಬೇಕು ಎಂದುಕೊಂಡವನು ಹೀಗೆಯೇ ಕೈ ಹಿಡಿಯುತ್ತಾನೆ. ರೋಮ್ ಒಪ್ಪಂದಕ್ಕೆ ಬರುವುದೇ ಇಲ್ಲ ಎಂಬುದನ್ನು ಅವನು ಕೊನೆಯವರೆಗೂ ನಂಬಲಿಲ್ಲ.

ಪೌಲಸ್ ಬರುತ್ತಾನೆ

ಕ್ರಿ.ಪೂ. 168ರ ಕಾನ್ಸಲ್ ಲೂಸಿಯಸ್ ಎಮಿಲಿಯಸ್ ಪೌಲಸ್. ವಯಸ್ಸು ಸುಮಾರು 60. ಅವನ ಅಪ್ಪ ಕ್ರಿ.ಪೂ. 216ರಲ್ಲಿ ರೋಮಿನ ಹಳೆಯ ಶತ್ರು ಕಾರ್ಥೇಜ್ ನಗರದ ಸೇನಾಪತಿ ಹ್ಯಾನಿಬಲ್ ಎದುರು ಕ್ಯಾನೇ ಬಯಲಿನಲ್ಲಿ ಸತ್ತವನು. ಹೊರಡುವ ಮುಂಚೆ ಪೌಲಸ್ ರೋಮಿನ ಜನರ ಮುಂದೆ ನಿಂತು ಖಡಕ್ಕಾಗಿ ಒಂದು ಮಾತು ಹೇಳಿದ. ಯುದ್ಧ ಹೇಗೆ ಮಾಡಬೇಕೆಂದು ಊಟದ ಮನೆಗಳಲ್ಲಿ ಕೂತು ಹೇಳುವವರು ನನ್ನ ಜೊತೆ ಬನ್ನಿ, ಹಡಗು, ಕುದುರೆ, ಡೇರೆ, ದಾರಿ ಖರ್ಚು ನಾನು ಕೊಡುತ್ತೇನೆ; ಬರಲಾಗದಿದ್ದರೆ ದಡದಲ್ಲಿ ನಿಂತು ಹಡಗು ನಡೆಸಬೇಡಿ ಎಂಬುದು ಅದರ ಸಾರ.

ಪರ್ಸಿಯಸ್ ಒಲಿಂಪಸ್ ಬೆಟ್ಟಕ್ಕೂ ಸಮುದ್ರಕ್ಕೂ ನಡುವಿನ ಇಕ್ಕಟ್ಟಿನಲ್ಲಿ, ಎಲ್ಪೇಯಸ್ ನದಿಯ ಕಡಿದಾದ ದಡ ಹಿಡಿದು ಕೂತಿದ್ದ. ಎದುರಿನಿಂದ ನುಗ್ಗುವುದು ಆಗದ ಮಾತು. ಪೌಲಸ್ ಮೊದಲು ಮಾಡಿದ್ದು ಸೈನ್ಯಕ್ಕೆ ನೀರು ಹುಡುಕುವ ಕೆಲಸ. ಬೆಟ್ಟದ ಮೇಲೆ ಹಸಿರಿದೆ, ಹಾಗಾದರೆ ಬುಡದಲ್ಲಿ ಒರತೆ ಇರಲೇಬೇಕು ಎಂದು ಕಡಲ ದಡದಲ್ಲಿ ಅಗೆಸಿದ, ನೀರು ಬಂತು. ಕಾವಲುಗಾರರು ಗುರಾಣಿ ಹಿಡಿದು ನಿಲ್ಲುವುದನ್ನು ನಿಲ್ಲಿಸಿದ. ಗುರಾಣಿಗೆ ಒರಗಿಕೊಂಡು ನಿದ್ದೆ ಮಾಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಮೂರು ವರ್ಷ ಯಾರೂ ಗಮನಿಸದ ಇಂಥ ಸಣ್ಣ ವಿಷಯಗಳನ್ನು ಅವನು ಕೆಲವೇ ದಿನಗಳಲ್ಲಿ ಸರಿ ಮಾಡಿದ.

ಆಮೇಲೆ ಒಂದು ಉಪಾಯ. ಸ್ಕಿಪಿಯೊ ನಾಸಿಕ ಎಂಬ ಅಧಿಕಾರಿಯ ಕೈಕೆಳಗೆ ಸುಮಾರು 8,000 ಜನರನ್ನು ಸಮುದ್ರದ ಕಡೆಗೆ, ಹಡಗು ಹತ್ತುವವರ ಹಾಗೆ ಕಳಿಸಿದ. ಕತ್ತಲಾದ ಮೇಲೆ ಅವರು ಬೆಟ್ಟದ ಕಡೆ ತಿರುಗಿ, ಪೈಥಿಯಂ ಕಣಿವೆ ದಾರಿಯಲ್ಲಿ ಬಳಸಿಕೊಂಡು ಹೋದರು. ವಿಷಯ ತಿಳಿದು ಪರ್ಸಿಯಸ್ ಕಳಿಸಿದ 12,000 ಜನ ಅವರನ್ನು ತಡೆಯಲಾಗಲಿಲ್ಲ. ಬೆನ್ನ ಹಿಂದೆ ಶತ್ರು ಬಂದ ಮೇಲೆ ನದಿ ದಡ ಹಿಡಿದು ಪ್ರಯೋಜನ ಏನು? ಪರ್ಸಿಯಸ್ ಉತ್ತರಕ್ಕೆ ಸರಿದು ಪಿಡ್ನಾದ ಬಯಲಿಗೆ ಬಂದ. ಫ್ಯಾಲಾಂಕ್ಸ್‌ಗೆ ಸಮತಟ್ಟಾದ ನೆಲ ಬೇಕು, ಅದು ಅಲ್ಲಿತ್ತು.

ಗ್ರಹಣದ ರಾತ್ರಿ, ಮರುದಿನದ ಒಂದು ಗಂಟೆ

ಪೌಲಸ್ ಅಲ್ಲಿಗೆ ಮುಟ್ಟಿದಾಗ ನಡು ಹಗಲು. ಈಗಲೇ ಬೀಳೋಣ ಎಂದು ನಾಸಿಕ ಒತ್ತಾಯ ಮಾಡಿದ. ಬಿಸಿಲಲ್ಲಿ ನಡೆದು ಸುಸ್ತಾದವರನ್ನು ತಾಜಾ ಸೈನ್ಯದ ಎದುರು ನಿಲ್ಲಿಸುವುದಿಲ್ಲ, ಮೊದಲು ಬಿಡಾರ ಎಂದ ಪೌಲಸ್.

ಆ ರಾತ್ರಿ ಚಂದ್ರಗ್ರಹಣ. ಗ್ರಹಣದ ಲೆಕ್ಕ ಹಿಡಿದು ಇವತ್ತಿನ ಖಗೋಳ ಶಾಸ್ತ್ರಜ್ಞರು ಅದು ಜೂನ್ 21ರ ರಾತ್ರಿ ಎಂದು ಹೇಳುತ್ತಾರೆ. ಆದರೆ ಆಗಿನ ರೋಮಿನ ಪಂಚಾಂಗದಲ್ಲಿ ಅದು ಸೆಪ್ಟೆಂಬರ್ 3. ಅಧಿಕ ಮಾಸಗಳನ್ನು ಸರಿಯಾಗಿ ಸೇರಿಸದೆ ರೋಮಿನ ಪುರೋಹಿತರು ಪಂಚಾಂಗವನ್ನು ಋತುಗಳಿಗಿಂತ ಎರಡೂವರೆ ತಿಂಗಳಷ್ಟು ಮುಂದೆ ಓಡಿಸಿಬಿಟ್ಟಿದ್ದರು. ಒಂದು ಗ್ರಹಣದಿಂದ ಇಡೀ ವರ್ಷದ ಘಟನೆಗಳ ಕಾಲ ನಮಗೆ ನಿಖರವಾಗಿ ಸಿಗುತ್ತದೆ. ಪ್ರಾಚೀನ ಇತಿಹಾಸದಲ್ಲಿ ಇಂಥ ಭಾಗ್ಯ ಅಪರೂಪ. ಮುಂದೆ ಈಜಿಪ್ಟಿನ ಕಥೆಗೂ ಇದು ಬೇಕಾಗುತ್ತದೆ.

ಗ್ರಹಣ ಹಿಡಿದಾಗ ಮ್ಯಾಸಿಡೋನಿಯದ ಬಿಡಾರದಲ್ಲಿ ಇದು ರಾಜನಿಗೇ ಕೇಡು ಎಂಬ ಗುಸುಗುಸು ಹಬ್ಬಿತು. ರೋಮನ್ ಬಿಡಾರದಲ್ಲಿ ಸುಲ್ಪಿಸಿಯಸ್ ಗ್ಯಾಲಸ್ ಎಂಬ ಅಧಿಕಾರಿ ಇದ್ದ. ಅವನಿಗೆ ಆಕಾಶದ ಲೆಕ್ಕ ಗೊತ್ತಿತ್ತು. ಭೂಮಿಯ ನೆರಳು ಬೀಳುವುದರಿಂದ ಹೀಗಾಗುತ್ತದೆ ಎಂದು ಅವನು ಸೈನಿಕರಿಗೆ ಬಿಡಿಸಿ ಹೇಳಿದನಂತೆ. ಪೌಲಸ್ ಮಾತ್ರ ಚಂದ್ರನಿಗೆ ಬಲಿ ಕೊಡುವುದನ್ನು ಬಿಡಲಿಲ್ಲ.

ಮರುದಿನ, ಜೂನ್ 22, ಮಧ್ಯಾಹ್ನ ಮೂರರ ಹೊತ್ತು. ನಡುವಿನ ಸಣ್ಣ ಹೊಳೆಯಲ್ಲಿ ಎರಡೂ ಕಡೆಯವರು ನೀರು ತುಂಬಿಸಿಕೊಳ್ಳುತ್ತಿದ್ದರು. ಒಂದು ಕುದುರೆ ಬಿಡಿಸಿಕೊಂಡು ಓಡಿತು, ಅದನ್ನು ಹಿಡಿಯಲು ಹೋದವರ ನಡುವೆ ಜಗಳ ಹತ್ತಿತು, ಜಗಳ ಬೆಳೆದು ಕಾಳಗವಾಯಿತು ಎನ್ನುತ್ತದೆ ಒಂದು ವರದಿ. ಯಾರೂ ಆ ಹೊತ್ತಿಗೆ ಯುದ್ಧ ಇಟ್ಟುಕೊಂಡಿರಲಿಲ್ಲ.

ಪರ್ಸಿಯಸ್ ಬಳಿ ಸುಮಾರು 44,000 ಜನ. ಅದರ ನಡುಭಾಗ ಫ್ಯಾಲಾಂಕ್ಸ್. ಒಬ್ಬೊಬ್ಬನ ಕೈಯಲ್ಲಿ ಸುಮಾರು ಆರು ಮೀಟರ್ ಉದ್ದದ ಸರಿಸ್ಸಾ ಭರ್ಜಿ. ಮುಂದಿನ ಐದು ಸಾಲಿನ ಭರ್ಜಿ ಮೊನೆಗಳು ಒಟ್ಟಿಗೆ ಮುಂದಕ್ಕೆ ಚಾಚಿದಾಗ ಎದುರಿನ ಒಬ್ಬ ಕತ್ತಿಯವನಿಗೆ ಹತ್ತು ಮೊನೆ ಕಾಣುತ್ತವೆ. ತಾನು ನೋಡಿದ ನೋಟಗಳಲ್ಲಿ ಇದಕ್ಕಿಂತ ಭಯ ಹುಟ್ಟಿಸಿದ್ದು ಇನ್ನೊಂದಿಲ್ಲ ಎಂದು ಪೌಲಸ್ ಮುಂದೆ ಎಷ್ಟೋ ಸಲ ಹೇಳಿಕೊಂಡ. ಮೊದಲಿಗೆ ಎದುರಾದ, ರೋಮಿನ ಕಡೆಯ ಪೆಲಿಗ್ನಿ ಪಡೆಯವರು ತಮ್ಮ ಧ್ವಜವನ್ನೇ ಶತ್ರುಗಳ ನಡುವೆ ಎಸೆದು, ಅದನ್ನು ಬಿಡಿಸಿಕೊಳ್ಳಲು ಮೊನೆಗಳ ಮೇಲೆ ಬಿದ್ದು ಸತ್ತರು.

ಫ್ಯಾಲಾಂಕ್ಸ್ ಗೆಲ್ಲುತ್ತಾ ಮುಂದೆ ಬಂತು. ಸೋತದ್ದು ಮುಂದೆ ಬಂದ ಕಾರಣದಿಂದಲೇ. ರೋಮನ್ನರು ಹಿಂದೆ ಸರಿದಂತೆ ನೆಲ ಏರುಪೇರಾಯಿತು. ಒಂದು ಕಡೆಯವರು ಬೇಗ ನಡೆದರು, ಇನ್ನೊಂದು ಕಡೆಯವರು ತಡೆದು ನಿಂತರು. ಸಾಲಿನಲ್ಲಿ ಸಂದು ಬಿತ್ತು. ಒಟ್ಟಾಗಿ ನುಗ್ಗಬೇಡಿ, ಸಣ್ಣ ಸಣ್ಣ ಗುಂಪಾಗಿ ಸಂದು ಕಂಡಲ್ಲಿ ಒಳಗೆ ಹೋಗಿ ಎಂದು ಪೌಲಸ್ ಆಜ್ಞೆ ಮಾಡಿದ. ಆರು ಮೀಟರಿನ ಭರ್ಜಿ ಹಿಡಿದವನು ಪಕ್ಕದಿಂದ ಬಂದವನ ಕಡೆ ತಿರುಗುವುದಾದರೂ ಹೇಗೆ? ಭರ್ಜಿ ಬಿಟ್ಟು ಸಣ್ಣ ಕತ್ತಿ ಎಳೆದರೆ ರೋಮನ್ ಕತ್ತಿ ಮತ್ತು ಎತ್ತರದ ಗುರಾಣಿ ಎದುರಿಗಿತ್ತು. ಮ್ಯಾಸಿಡೋನಿಯದ ಕುದುರೆ ಸೈನ್ಯ ಹೆಚ್ಚುಕಡಿಮೆ ಪೂರ್ತಿ ಸೇರಿಕೊಳ್ಳದೆಯೇ ಹೊರಟುಹೋಯಿತು. ರಾಜನ ಆಯ್ದ 3,000 ಕಾವಲು ಪಡೆಯವರು ನಿಂತಲ್ಲೇ ನಿಂತು ಸತ್ತರು. ರಾಜ ಅಷ್ಟರಲ್ಲಿ ತನ್ನ ರಾಜಧಾನಿ ಪೆಲ್ಲಾದ ದಾರಿ ಹಿಡಿದಿದ್ದ.

ಮ್ಯಾಸಿಡೋನಿಯದ ಕಡೆ ಸುಮಾರು 20,000 ಜನ ಸತ್ತರು, 11,000 ಜನ ಸೆರೆ ಸಿಕ್ಕರು, ರೋಮಿನ ಕಡೆ ಸತ್ತವರು ಸುಮಾರು 100 ಎಂದು ರೋಮಿನ ಇತಿಹಾಸಕಾರ ಲಿವಿ ಲೆಕ್ಕ ಕೊಡುತ್ತಾನೆ. ಕೊನೆಯ ಅಂಕಿ ಗೆದ್ದವರ ಲೆಕ್ಕ ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. ಆ ರಾತ್ರಿ ಪೌಲಸ್‌ನ 17 ವರ್ಷದ ಮಗ ಬಿಡಾರಕ್ಕೆ ಬಂದಿರಲಿಲ್ಲ, ಎಲ್ಲರೂ ದೀಪ ಹಿಡಿದು ಹುಡುಕಿದರು. ತಡರಾತ್ರಿ ಮೈಯೆಲ್ಲ ರಕ್ತವಾಗಿ ವಾಪಸ್ ಬಂದ ಆ ಹುಡುಗನೇ ಮುಂದೆ ಕ್ರಿ.ಪೂ. 146ರಲ್ಲಿ ಕಾರ್ಥೇಜನ್ನು ಸುಟ್ಟ ಸ್ಕಿಪಿಯೊ ಎಮಿಲಿಯಾನಸ್.

ಡೆಲೋಸ್‌ನಲ್ಲಿ ಕಾದವನು

ಈಗ ದಕ್ಷಿಣಕ್ಕೆ. ಸಿರಿಯದ ನಾಲ್ಕನೇ ಆಂಟಿಯೋಕಸ್ ಆ ವರ್ಷ ಎರಡನೇ ಸಲ ಈಜಿಪ್ಟಿಗೆ ನುಗ್ಗಿದ್ದ. ಈಜಿಪ್ಟನ್ನು ಆಳುತ್ತಿದ್ದವರು ಆರನೇ ಟಾಲೆಮಿ, ಅವನ ತಮ್ಮ, ಅವರಿಬ್ಬರ ಸೋದರಿ ಎರಡನೇ ಕ್ಲಿಯೋಪಾತ್ರ. ಈ ಅಣ್ಣತಮ್ಮಂದಿರಿಗೆ ಆಂಟಿಯೋಕಸ್ ಸೋದರಮಾವ. ಹಿಂದಿನ ವರ್ಷ ಅಣ್ಣನನ್ನು ಕೈಯಲ್ಲಿಟ್ಟುಕೊಂಡು ತಮ್ಮನ ಮೇಲೆ ಯುದ್ಧ ಮಾಡಿದ್ದ. ಚಳಿಗಾಲದಲ್ಲಿ ಅಣ್ಣತಮ್ಮಂದಿರು ರಾಜಿ ಮಾಡಿಕೊಂಡುಬಿಟ್ಟರು. ಸಿಟ್ಟಾದ ಮಾವ ಸೈಪ್ರಸ್ ಮತ್ತು ಗಡಿಯ ಪೆಲೂಸಿಯಂ ಎರಡನ್ನೂ ಕೊಡಿ ಎಂದು ದಂಡು ತಂದ. ಅವನ ನೌಕಾಪಡೆ ಸೈಪ್ರಸ್ ಹಿಡಿಯಿತು. ಅವನು ಮೆಂಫಿಸ್ ದಾಟಿ ಅಲೆಕ್ಸಾಂಡ್ರಿಯದ ಕಡೆ ಬಂದ. ತಡೆಯುವವರು ಯಾರೂ ಇರಲಿಲ್ಲ.

ಈಜಿಪ್ಟಿನ ದೂತರು ರೋಮಿಗೆ ಹೋಗಿ ಕಾಲು ಹಿಡಿದಿದ್ದರು. ಯುದ್ಧ ನಿಲ್ಲಿಸಬೇಕು ಎಂಬ ನಿರ್ಣಯವನ್ನು ಕೈಗೆ ಕೊಟ್ಟು ರೋಮಿನ ಹಿರಿಯರ ಸಭೆಯಾದ ಸೆನೆಟ್ ಗಾಯಸ್ ಪೊಪಿಲಿಯಸ್ ಲೇನಾಸ್ ಎಂಬವನನ್ನು ಕಳಿಸಿತು. ಹೊರಟ ಪೊಪಿಲಿಯಸ್ ಡೆಲೋಸ್ ದ್ವೀಪದಲ್ಲಿ ನಿಂತುಬಿಟ್ಟ. ಪಿಡ್ನಾದ ಸುದ್ದಿ ಬರುವವರೆಗೆ ಮುಂದೆ ಹೋಗಲಿಲ್ಲ. ಈ ಪ್ರಕರಣದಲ್ಲಿ ಎಲ್ಲರಿಗಿಂತ ಸರಿಯಾಗಿ ಪರಿಸ್ಥಿತಿ ಓದಿದವನು ಇವನೇ ಎಂದು ನನ್ನ ಅಭಿಪ್ರಾಯ. ಮ್ಯಾಸಿಡೋನಿಯದಲ್ಲಿ ಸಿಕ್ಕಿಕೊಂಡಿರುವ ರೋಮಿನ ಮಾತಿಗೆ ಎಷ್ಟು ತೂಕ, ಮ್ಯಾಸಿಡೋನಿಯವನ್ನು ಮುಗಿಸಿದ ರೋಮಿನ ಮಾತಿಗೆ ಎಷ್ಟು ತೂಕ ಎಂಬುದು ಅವನಿಗೆ ಗೊತ್ತಿತ್ತು. ಕೈಯಲ್ಲಿದ್ದದ್ದು ಅದೇ ಕಾಗದ.

ಸುದ್ದಿ ಬಂತು, ಅವನು ಹೊರಟ. ಅಲೆಕ್ಸಾಂಡ್ರಿಯದ ಹೊರಗೆ ಎಲ್ಯುಸಿಸ್ ಎಂಬ ಜಾಗದಲ್ಲಿ ಆಂಟಿಯೋಕಸ್ ಎದುರಾದ. ಆಂಟಿಯೋಕಸ್ ಹಿಂದೆ ಹಲವು ವರ್ಷ ರೋಮಿನಲ್ಲಿ ಒತ್ತೆಯಾಳಾಗಿ ಇದ್ದವನು, ಪೊಪಿಲಿಯಸ್‌ನ ಪರಿಚಯ ಇತ್ತು. ಆ ಸಲಿಗೆಯಿಂದ ಕೈ ಚಾಚಿದ. ಪೊಪಿಲಿಯಸ್ ಆ ಕೈಗೆ ಸೆನೆಟ್ಟಿನ ಪತ್ರ ಇಟ್ಟು, ಮೊದಲು ಇದನ್ನು ಓದು ಎಂದ. ಓದಿದ ರಾಜ, ಗೆಳೆಯರೊಡನೆ ಯೋಚಿಸಿ ಹೇಳುತ್ತೇನೆ ಎಂದ. ಪೊಪಿಲಿಯಸ್ ಕೈಯಲ್ಲಿದ್ದ ದ್ರಾಕ್ಷಿ ಬಳ್ಳಿಯ ಕೋಲಿನಿಂದ ರಾಜನ ಸುತ್ತ ನೆಲದ ಮೇಲೆ ಒಂದು ಗೆರೆ ಎಳೆದ. ಈ ವೃತ್ತದಿಂದ ಹೊರಗೆ ಬರುವ ಮುಂಚೆ ಉತ್ತರ ಹೇಳು ಎಂದ. ರಾಜ ಸ್ವಲ್ಪ ಹೊತ್ತು ತಡೆದು, ರೋಮ್ ಹೇಳಿದ್ದನ್ನೆಲ್ಲ ಮಾಡುತ್ತೇನೆ ಎಂದ. ಪೊಪಿಲಿಯಸ್ ಆಗ ಕೈ ಕುಲುಕಿದ.

ಈ ಗೆರೆಯ ಪ್ರಸಂಗ ಬಹಳ ಪ್ರಸಿದ್ಧ. ಆದರೆ ಅದನ್ನು ಬರೆದಿಟ್ಟವರು ಗ್ರೀಕರು ಮತ್ತು ರೋಮನ್ನರು. ಈಜಿಪ್ಟಿನ ಕಡೆಯಿಂದಲೂ ಒಂದು ಸಾಕ್ಷಿ ಇರುವುದು ನನಗೆ ತುಂಬ ಸಂತೋಷ ಕೊಡುವ ವಿಷಯ. ಸಕ್ಕಾರಾದಲ್ಲಿ ಸಿಕ್ಕಿದ ಮಡಕೆ ಚೂರುಗಳ ಮೇಲೆ ಹೋರ್ ಎಂಬ ದೇವಾಲಯದ ಬರಹಗಾರ ತನ್ನ ಕನಸುಗಳನ್ನೂ ಅವು ನಿಜವಾದ ಬಗೆಯನ್ನೂ ಬರೆದುಕೊಂಡಿದ್ದ. ಆಂಟಿಯೋಕಸ್ ಈಜಿಪ್ಟ್ ಬಿಟ್ಟು ಹೋಗುತ್ತಾನೆ ಎಂದು ಅವನಿಗೆ ಕನಸು ಬಿದ್ದಿತ್ತು. ಯಾವ ದಿನದೊಳಗೆ ಹೋದ ಎಂಬುದನ್ನೂ ಬರೆದಿದ್ದಾನೆ. ಈಗಿನ ಲೆಕ್ಕದಲ್ಲಿ ಅದು ಜುಲೈ 30. ಗ್ರಹಣದ ದಿನಾಂಕವನ್ನೂ ಈ ಮಡಕೆ ಚೂರನ್ನೂ ಪಕ್ಕಪಕ್ಕ ಇಟ್ಟರೆ ಚಿತ್ರ ಸ್ಪಷ್ಟ. ಪಿಡ್ನಾ ಆದದ್ದು ಜೂನ್ 22. ಡೆಲೋಸ್‌ಗೆ ಸುದ್ದಿ, ಅಲ್ಲಿಂದ ರೋಡ್ಸ್, ಅಲ್ಲಿಂದ ಅಲೆಕ್ಸಾಂಡ್ರಿಯ, ಗೆರೆ, ಸೈನ್ಯದ ವಾಪಸಾತಿ, ಎಲ್ಲ ಸೇರಿ ಐದೂವರೆ ವಾರ. ಗೆದ್ದ ಸೈನ್ಯದೊಂದಿಗೆ ರಾಜಧಾನಿಯ ಬಾಗಿಲಲ್ಲಿ ನಿಂತ ರಾಜ ಅಷ್ಟರೊಳಗೆ ಮನೆಗೆ ಹೋಗಿಯಾಗಿತ್ತು.

ಆ ಅವಮಾನದ ಬಿಸಿ ಬೇರೆಯವರಿಗೂ ತಟ್ಟಿತು. ಮರುವರ್ಷ ಅವನು ಜೆರುಸಲೇಮಿನ ದೇವಾಲಯದ ಪೂಜೆಗೆ ಕೈ ಹಾಕಿದ, ಅದರಿಂದ ಯಹೂದಿಗಳ ಮಕ್ಕಬೀ ದಂಗೆ ಹುಟ್ಟಿತು. ಅದು ಬೇರೆಯೇ ಒಂದು ಪ್ರಕರಣ, ಇಲ್ಲಿ ಬೇಡ.

ರೋಡ್ಸ್ ಮಾಡಿದ ತಪ್ಪಾದರೂ ಏನು?

ರೋಡ್ಸ್ ರಾಜರಿಲ್ಲದ ದ್ವೀಪ. ವ್ಯಾಪಾರ ಅದರ ಉಸಿರು. ಅದರ ನೌಕಾಪಡೆ ಕಡಲ್ಗಳ್ಳರನ್ನು ಹದ್ದುಬಸ್ತಿನಲ್ಲಿಟ್ಟಿತ್ತು. ರೋಮಿಗೆ ಹಳೆಯ ಸ್ನೇಹಿತ. ಕ್ರಿ.ಪೂ. 188ರಲ್ಲಿ ಆ ಸ್ನೇಹಕ್ಕೆ ಲಿಸಿಯ ಮತ್ತು ಕ್ಯಾರಿಯ ಎಂಬ ಎರಡು ಪ್ರಾಂತ್ಯಗಳ ಬಹುಮಾನವೂ ಸಿಕ್ಕಿತ್ತು. ಈ ಯುದ್ಧ ಶುರುವಾದಾಗ ರೋಮಿಗಾಗಿ 40 ಹಡಗು ಸಿದ್ಧ ಮಾಡಿಟ್ಟಿತ್ತು. ಆದರೆ ಯುದ್ಧ ಎಳೆದಷ್ಟೂ ವ್ಯಾಪಾರ ಕೆಟ್ಟಿತು. ಊರಿನಲ್ಲಿ ಪರ್ಸಿಯಸ್ ಪರ ಮಾತಾಡುವವರು ಜೋರಾದರು. ಅದರ ಜೊತೆಗೆ, ಕ್ರಿ.ಪೂ. 169ರಲ್ಲಿ ಕಾನ್ಸಲ್ ಮಾರ್ಸಿಯಸ್ ಫಿಲಿಪ್ಪಸ್ ತಾನೇ ರೋಡ್ಸಿನ ದೂತ ಅಗೆಪೊಲಿಸ್‌ನನ್ನು ಪಕ್ಕಕ್ಕೆ ಕರೆದು, ನೀವೇ ಯಾಕೆ ಮಧ್ಯಸ್ಥಿಕೆ ಮಾಡಿ ಯುದ್ಧ ನಿಲ್ಲಿಸಬಾರದು ಎಂದು ಕೇಳಿದ್ದ. ಇದು ಬೇಕೆಂದೇ ಇಟ್ಟ ಬಲೆ ಇರಬಹುದು ಎಂದು ಆ ಕಾಲದವನೇ ಆದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಅನುಮಾನ ಪಟ್ಟಿದ್ದಾನೆ.

ರೋಡ್ಸ್ ದೂತರನ್ನು ಕಳಿಸಿತು. ಅವರು ರೋಮಿಗೆ ಬಂದರೂ ಸೆನೆಟ್ ಅವರನ್ನು ಒಳಗೆ ಕರೆಯಲಿಲ್ಲ. ಪಿಡ್ನಾದ ಗೆಲುವಿನ ಸುದ್ದಿ ಬಂದ ಮೇಲೆ ಕರೆಯಿತು! ಪಾಪ, ಆ ದೂತರು ಏನು ಹೇಳಬೇಕು? ಯುದ್ಧ ನಿಲ್ಲಿಸಲು ಬಂದಿದ್ದೆವು, ಈಗ ಅದು ನಿಂತಿದೆ, ನಿಮಗೆ ಅಭಿನಂದನೆ ಎಂದರು. ಸೆನೆಟ್ಟಿನ ಉತ್ತರ ಸಿಡುಕಿನದು. ಗ್ರೀಸಿನ ಮೇಲೆ ಕಾಳಜಿ ಇದ್ದಿದ್ದರೆ ಪರ್ಸಿಯಸ್ ಅಲ್ಲಿ ಊರುಗಳನ್ನು ಲೂಟಿ ಮಾಡುವಾಗಲೇ ಬರುತ್ತಿದ್ದಿರಿ, ನೀವು ಬಂದದ್ದು ಅವನನ್ನು ಉಳಿಸಲು ಎಂದಿತು.

ಪೆರ್ಗಮಮ್ಮಿನ ರಾಜ ಯೂಮೆನಿಸ್‌ನ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಪರ್ಸಿಯಸ್ ಮೇಲೆ ಯುದ್ಧ ಮಾಡಿ ಎಂದು ರೋಮಿಗೆ ಬಂದು ಚಾಡಿ ಹೇಳಿದವನೇ ಅವನು. ಆದರೆ ಕೊನೆಗೆ 1,500 ಟ್ಯಾಲೆಂಟ್ ಕೊಟ್ಟರೆ ಶಾಂತಿ ಮಾಡಿಸುತ್ತೇನೆ ಎಂದು ಪರ್ಸಿಯಸ್ ಜೊತೆ ಗುಟ್ಟಾಗಿ ಮಾತಾಡಿದ ಎಂಬ ಗುಲ್ಲು ಹಬ್ಬಿತು. ಗುಲ್ಲು ನಿಜವೇ ಆಗಿರಬೇಕೆಂದೇನಿಲ್ಲ. ಅನುಮಾನ ಬಂದರೆ ಸಾಕಿತ್ತು. ತನ್ನ ಮಾತು ಹೇಳಲು ಅವನು ಇಟಲಿಗೆ ಬಂದಾಗ ಯಾವ ರಾಜನೂ ರೋಮಿಗೆ ಬರುವಂತಿಲ್ಲ ಎಂದು ಸೆನೆಟ್ ಹೊಸ ನಿರ್ಣಯವನ್ನೇ ಮಾಡಿತು. ಬ್ರುಂಡಿಸಿಯಂ ಬಂದರಿನಿಂದಲೇ ಅವನು ತಿರುಗಿ ಹೋದ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ನಡೆದುಕೊಂಡರು ಎಂದು ಇವರನ್ನು ಬೈಯುವುದು ಸುಲಭ. ಆದರೆ ಎರಡು ಬಲಿಷ್ಠರ ನಡುವೆ ಬಾಳುವ ಸಣ್ಣ ರಾಜ್ಯಕ್ಕೆ ಬೇರೆ ದಾರಿ ಯಾವುದಿತ್ತು, ಅಲ್ವಾ? ಮ್ಯಾಸಿಡೋನಿಯ ಇರುವವರೆಗೆ ರೋಮ್ ಸಣ್ಣವರ ಮಾತು ಕೇಳುತ್ತದೆ, ಅದು ಹೋದರೆ ಕೇಳಬೇಕಾದ ಅಗತ್ಯವೇ ಇರುವುದಿಲ್ಲ. ರೋಡ್ಸಿನವರು ಇದನ್ನು ಸರಿಯಾಗಿಯೇ ಗ್ರಹಿಸಿದ್ದರು.

ಅದನ್ನು ರೋಮಿನಲ್ಲಿ ಬಾಯಿ ಬಿಟ್ಟು ಹೇಳಿದವನು ಹಿರಿಯ ಕ್ಯಾಟೊ ಎಂಬ ಸೆನೆಟ್ ಸದಸ್ಯ. ಅವನು ಮೃದು ಮನಸ್ಸಿನವನು ಎಂದು ಯಾರೂ ಹೇಳಲಾರರು. ಅವನ ಸ್ವಂತ ಮಗ ಪಿಡ್ನಾದಲ್ಲಿ ಹೋರಾಡಿದ್ದ. ಕ್ರಿ.ಪೂ. 167ರಲ್ಲಿ ರೋಡ್ಸ್ ಮೇಲೆ ಯುದ್ಧ ಸಾರಬೇಕೆಂಬ ಪ್ರಸ್ತಾಪ ಬಂದಾಗ ಕ್ಯಾಟೊ ಎದ್ದು ನಿಂತ. ಅವನ ಭಾಷಣದ ತುಣುಕುಗಳು ಉಳಿದಿವೆ. ಅವರು ಪರ್ಸಿಯಸ್ ಗೆಲ್ಲಲಿ ಎಂದು ಬಯಸಿರಬಹುದು, ನಮಗೆ ಯಾರ ಹೆದರಿಕೆಯೂ ಇಲ್ಲದಂತಾದರೆ ತಾವು ನಮ್ಮ ಅಡಿಯಾಳಾಗುತ್ತೇವೆ ಎಂದು ಭಯಪಟ್ಟು ಹಾಗೆ ಬಯಸಿದರು. ಆದರೆ ಅವರು ಅವನಿಗೆ ಸಹಾಯ ಮಾಡಲಿಲ್ಲ. ಒಬ್ಬನಿಗೆ ಕಾನೂನು ಮಿತಿ 500 ಯುಗೆರ (ರೋಮಿನ ಅಳತೆ) ಭೂಮಿ. ಅದಕ್ಕಿಂತ ಜಾಸ್ತಿ ಬೇಕೆಂದು ನಾವೆಲ್ಲ ಆಸೆ ಪಡುತ್ತೇವೆ, ಆಸೆಗೆ ದಂಡ ಹಾಕುವ ಕಾನೂನು ಇದೆಯೇ? ಇದು ಅವನ ವಾದದ ಹುರುಳು. ಯುದ್ಧ ತಪ್ಪಿತು.

ಗೆದ್ದವರ ಲೆಕ್ಕ ಚುಕ್ತಾ

ಪರ್ಸಿಯಸ್ ಸಮೊಥ್ರೇಸ್ ದ್ವೀಪದ ದೇವಾಲಯದಲ್ಲಿ ಆಶ್ರಯ ಪಡೆದ. ಅವನನ್ನು ದಾಟಿಸುವುದಾಗಿ ಹೇಳಿದ್ದ ಕ್ರೀಟಿನ ಒಬ್ಬ ನಾವಿಕ ಅವನು ಕಳಿಸಿದ ಸಂಪತ್ತು ಹಡಗಿಗೆ ಏರಿದ್ದೇ ಹೊರಟುಹೋದ. ಕೊನೆಗೆ ರೋಮಿನ ನೌಕಾಪತಿ ಆಕ್ಟೇವಿಯಸ್‌ಗೆ ರಾಜ ಶರಣಾದ. ಮುಂದಿನ ವರ್ಷ ರೋಮಿನ ಬೀದಿಗಳಲ್ಲಿ ಮೂರು ದಿನದ ವಿಜಯ ಮೆರವಣಿಗೆಯಲ್ಲಿ ನಡೆದ. ಅವನ ಒಬ್ಬ ಮಗ ಅಲೆಕ್ಸಾಂಡರ್ ಇಟಲಿಯಲ್ಲೇ ಬೆಳೆದು, ಲ್ಯಾಟಿನ್ ಕಲಿತು, ಸರ್ಕಾರಿ ಅಧಿಕಾರಿಗಳ ಹತ್ತಿರ ಗುಮಾಸ್ತನಾಗಿ ಬಾಳಿದ.

ಮ್ಯಾಸಿಡೋನಿಯವನ್ನು ನಾಲ್ಕು ಗಣರಾಜ್ಯಗಳಾಗಿ ಒಡೆದರು. ಒಂದು ಭಾಗದವರು ಇನ್ನೊಂದು ಭಾಗದವರನ್ನು ಮದುವೆಯಾಗುವಂತಿಲ್ಲ, ಅಲ್ಲಿ ಜಮೀನು ಕೊಳ್ಳುವಂತಿಲ್ಲ. ಚಿನ್ನ, ಬೆಳ್ಳಿಯ ಗಣಿ ಬಂದ್. ಹಡಗಿಗೆ ಮರ ಕಡಿಯುವಂತಿಲ್ಲ. ತೆರಿಗೆ ಮಾತ್ರ ಹಿಂದಿನ ಅರ್ಧ, ವರ್ಷಕ್ಕೆ 100 ಟ್ಯಾಲೆಂಟ್. ಪರ್ಸಿಯಸ್ ಕೂಡಿಟ್ಟ ಖಜಾನೆ ರೋಮಿಗೆ ಬಂದದ್ದರಿಂದ ಕ್ರಿ.ಪೂ. 167ರಿಂದ ರೋಮನ್ ನಾಗರಿಕರು ನೇರ ಯುದ್ಧ ತೆರಿಗೆ ಕೊಡಬೇಕಾಗಲಿಲ್ಲ. ಅವನು ಬಸ್ಟಾರ್ನೇ ಸವಾರರಿಗೆ ಕೊಡದೆ ಉಳಿಸಿದ ಚಿನ್ನವೂ ಅದರಲ್ಲಿ ಸೇರಿತ್ತು.

ಎಪಿರಸ್‌ನಲ್ಲಿ ನಡೆದದ್ದನ್ನು ಬರೆಯಲು ಕೈ ಬರುವುದಿಲ್ಲ, ಬಿಡಲೂ ಆಗುವುದಿಲ್ಲ. ಮ್ಯಾಸಿಡೋನಿಯದ ಪಶ್ಚಿಮಕ್ಕಿರುವ ಆ ಸೀಮೆಯ ಮೊಲೋಸಿಯನ್ ಬುಡಕಟ್ಟಿನವರು ಪರ್ಸಿಯಸ್ ಕಡೆ ಹೋಗಿದ್ದರು. ಕ್ರಿ.ಪೂ. 167ರಲ್ಲಿ ವಾಪಸ್ ಹೋಗುವ ದಾರಿಯಲ್ಲಿ ಪೌಲಸ್ ಸೆನೆಟ್ಟಿನ ಆಜ್ಞೆಯಂತೆ ಅಲ್ಲಿಗೆ ಬಂದ. ಪ್ರತಿ ಊರಿನ ಹತ್ತು ಹಿರಿಯರನ್ನು ಕರೆಸಿ, ಊರಿನ ಚಿನ್ನ ಬೆಳ್ಳಿ ಒಟ್ಟುಮಾಡಿ ತನ್ನಿ ಎಂದ. ಕಾವಲು ದಳಗಳನ್ನು ತೆಗೆದು ನಿಮ್ಮನ್ನು ಸ್ವತಂತ್ರ ಮಾಡುತ್ತೇವೆ ಎಂಬ ನಂಬಿಕೆ ಹುಟ್ಟಿಸಿ ಊರೂರಿಗೆ ಸೈನಿಕರನ್ನು ಕಳಿಸಿದ. ಗೊತ್ತು ಮಾಡಿದ ಒಂದೇ ದಿನ, ಒಂದೇ ಹೊತ್ತಿಗೆ 70 ಊರುಗಳ ಲೂಟಿ ಶುರುವಾಯಿತು. 1,50,000 ಜನರನ್ನು ಗುಲಾಮರನ್ನಾಗಿ ಮಾಡಿದರು. ಪೌಲಸ್‌ನ ಕೊನೆಯ ಇಬ್ಬರು ಗಂಡುಮಕ್ಕಳು ಅವನ ವಿಜಯ ಮೆರವಣಿಗೆಯ ಹಿಂದುಮುಂದಿನ ದಿನಗಳಲ್ಲಿ ತೀರಿಕೊಂಡದ್ದನ್ನು ಹಳೆಯ ಬರಹಗಾರರು ಮನಸ್ಸು ಕರಗುವಂತೆ ವಿವರಿಸುತ್ತಾರೆ. ಎಪಿರಸ್‌ನಿಂದ ಸಂತೆಗೆ ಹೋದ ಆ ಲಕ್ಷಾಂತರ ಮಕ್ಕಳು, ಹೆಂಗಸರು, ಗಂಡಸರಲ್ಲಿ ಒಬ್ಬರ ಹೆಸರನ್ನೂ ಅವರು ಬರೆಯಲಿಲ್ಲ. ಅದು ನನಗೆ ಈ ಕಥೆಯಲ್ಲಿ ಅತಿ ಭಾರವಾದ ವಿಷಯ.

ದಕ್ಷಿಣ ಗ್ರೀಸಿನ ಅಕಾಯದವರು ರೋಮಿನ ಕಡೆಗೇ ಇದ್ದರು. ಆದರೂ ಸಾಕಷ್ಟು ಉತ್ಸಾಹ ತೋರಿಸಲಿಲ್ಲ ಎಂಬ ಅನುಮಾನದಲ್ಲಿ ಅವರ 1,000 ಪ್ರಮುಖರನ್ನು ಇಟಲಿಗೆ ಸಾಗಿಸಿದರು. ವಿಚಾರಣೆಯೇ ನಡೆಯಲಿಲ್ಲ. ಕ್ರಿ.ಪೂ. 150ರಲ್ಲಿ ಬಿಡುಗಡೆ ಆದಾಗ ಬದುಕಿದ್ದವರು 300ಕ್ಕಿಂತ ಕಡಿಮೆ. ಈ ಎಲ್ಲ ಘಟನೆಗಳ ಇತಿಹಾಸ ಬರೆದ ಪಾಲಿಬಿಯಸ್ ಅವರಲ್ಲಿ ಒಬ್ಬ.

ಇನ್ನು ರೋಡ್ಸ್. ಯುದ್ಧ ತಪ್ಪಿದರೂ ಶಿಕ್ಷೆ ತಪ್ಪಲಿಲ್ಲ. ಪೊಪಿಲಿಯಸ್ ಈಜಿಪ್ಟಿಗೆ ಹೋಗುವ ದಾರಿಯಲ್ಲಿ ಅಲ್ಲಿ ಐದು ದಿನ ಇದ್ದಾಗಲೇ, ಪರ್ಸಿಯಸ್ ಪರ ಮಾತಾಡಿದವರಿಗೆ ಮರಣದಂಡನೆ ಎಂದು ಊರಿನವರೇ ತೀರ್ಮಾನ ಮಾಡಿದ್ದರು. ಅಷ್ಟು ಮಾಡಿದರೂ ಲಿಸಿಯ, ಕ್ಯಾರಿಯ ಎರಡೂ ಕೈ ತಪ್ಪಿದವು. ಡೆಲೋಸನ್ನು ರೋಮ್ ಅಥೆನ್ಸಿಗೆ ಕೊಟ್ಟು, ಸುಂಕವಿಲ್ಲದ ಬಂದರು ಮಾಡಿತು. ಸುಂಕವಿಲ್ಲದ ಕಡೆ ಹಡಗುಗಳು ಹೋಗದೆ ಇರುತ್ತವೆಯೇ? ವರ್ಷಕ್ಕೆ 10 ಲಕ್ಷ ದ್ರಾಕ್ಮ ಇದ್ದ ರೋಡ್ಸಿನ ಬಂದರು ಆದಾಯ 1,50,000ಕ್ಕೆ ಇಳಿಯಿತು ಎಂದು ಅದರ ದೂತರೇ ಸೆನೆಟ್ಟಿನ ಮುಂದೆ ಹೇಳಿಕೊಂಡರು. ನಮ್ಮನ್ನು ಮಿತ್ರರನ್ನಾಗಿ ಬರೆದುಕೊಳ್ಳಿ ಎಂದು ಮತ್ತೆ ಮತ್ತೆ ಬೇಡಿದ ಮೇಲೆ, ಕ್ರಿ.ಪೂ. 164ರ ಹೊತ್ತಿಗೆ ಒಪ್ಪಂದ ಸಿಕ್ಕಿತು. ಯಾರ ಜೊತೆಗೂ ಕೈ ಕಟ್ಟಿಕೊಳ್ಳದೆ ಎಲ್ಲರ ಜೊತೆಗೂ ವ್ಯಾಪಾರ ಮಾಡುವುದು ಆ ದ್ವೀಪದ ಹಳೆಯ ನೀತಿ ಆಗಿತ್ತು. ಯುದ್ಧ ಯಾರ ಜೊತೆ, ಸ್ನೇಹ ಯಾರ ಜೊತೆ ಎಂಬುದನ್ನು ಅದು ಇನ್ನು ಮುಂದೆ ರೋಮನ್ನು ಕೇಳಿಯೇ ತೀರ್ಮಾನಿಸಬೇಕಾಯಿತು.